ನಾಲ್ಕೂ ಚಕ್ರ ಬಿಸಿ

ಮೊನ್ನೆ ಬೆಳಿಗ್ಗೆ ಕೆಳಗಿನ ಮನೆಯ ಪವಿತ್ರ ಮೆಟ್ಟಿಲು ಹತ್ತಿ ಬಂದು, ಎರಡು ಕೈಯನ್ನೂ ಮೈಗೆ ತಾಗದ ಹಾಗೆ ಮುಂದಕ್ಕೆ ಚಾಚಿಕೊಂಡು ಬಾಗಿಲಲ್ಲಿ ನಿಂತಳು. ಅವಳಿಗಿಂತ ಮೊದಲು ಪೆಟ್ರೋಲ್ ವಾಸನೆ ಒಳಗೆ ಬಂದಿತ್ತು.

"ಅಜ್ಜಿ, ಒಂಚೂರು ಸೀಗೆಪುಡಿ ಇದ್ರೆ ಕೊಡಿ. ಸೋಪು ಹಾಕಿ ಉಜ್ಜಿದ್ರೂ ಹೋಗ್ತಾ ಇಲ್ಲ."

"ಬೆಳಬೆಳಿಗ್ಗೆ ಪೆಟ್ರೋಲಲ್ಲಿ ಯಾಕೇ ಕೈ ಇಟ್ಟೆ?"

"ಗಾಡಿ ಸಿಕ್ಕಾಪಟ್ಟೆ ಕುಡೀತಾ ಇದೆ ಅಜ್ಜಿ. ಎಷ್ಟು ಕೊಡತ್ತೆ ಅಂತ ಅಳೆಯೋಣ ಅಂತ ಬಾಯ್ಮಟ್ಟ ತುಂಬಿಸ್ದೆ. ಮುಚ್ಚಳ ಹಾಕೋಕ್ ಹೋಗಿ ಕೈಮೇಲೆಲ್ಲ ಚೆಲ್ಕೊಂಡೆ."

ಪವಿತ್ರ ನಮ್ಮ ಬಾಡಿಗೆಯವಳು. ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಹೋದ ವರ್ಷ ಯಾರೋ ಓಡಿಸಿ ಸಾಕಾಗಿ ಬಿಟ್ಟ ಕಾರು ತೆಗೆದುಕೊಂಡು, ಭಾನುವಾರ ಭಾನುವಾರ ಅದರ ಮೈ ಒರೆಸುತ್ತಾಳೆ. ಸೀಗೆಪುಡಿ ಕೊಟ್ಟೆ. ಅವಳು ಕೈ ಉಜ್ಜಿಕೊಳ್ಳುತ್ತಿರುವಾಗ ಸುಮ್ಮನಿರಲಾರದೆ ಹೇಳಿಬಿಟ್ಟೆ: "ಒಂದು ಎರಡು ಮೈಲಿ ಓಡ್ಸಿ ನಿಲ್ಸು. ಇಳಿದು ನಾಲ್ಕೂ ಚಕ್ರದ ಹತ್ರ ಕೈ ಹಿಡಿದು ನೋಡು. ಬಿಸಿ ಬಡೀತಿದ್ರೆ ಬಂದು ನನಗೇಳು."

ಅವಳು ಕೈ ಉಜ್ಜುವುದನ್ನು ಬಿಟ್ಟು ನನ್ನ ಮುಖ ನೋಡಿದಳು. "ನಿಮಗಿದೆಲ್ಲ ಹೆಂಗ್ ಗೊತ್ತು ಅಜ್ಜಿ?"

"ಗೊತ್ತು ಹೋಗು. ಕೆಲ್ಸಕ್ಕೆ ಹೊತ್ತಾಯ್ತು ನಿನಗೆ."

ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನಿಮಗೆ ಹೊತ್ತಿದೆ ಅಂದುಕೊಂಡಿದ್ದೇನೆ. ಇಲ್ಲದಿದ್ದರೆ ಎದ್ದು ಹೋಗಿ, ನನಗೇನೂ ಬೇಜಾರಿಲ್ಲ. ಈ ವಯಸ್ಸಿನಲ್ಲಿ ಬೇಜಾರು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ಕಸುವು ಬೇಕು.

ನಾವು ಲಗ್ಗೆರೆಯವರೇ. ಪೀಣ್ಯದ ಫ್ಯಾಕ್ಟರಿಗಳು ಬರುವುದಕ್ಕೆ ಮುಂಚೆ ಇಲ್ಲಿ ರಾಗಿ ಬೆಳೆಯುತ್ತಿದ್ದವರು. ನೆಲವನ್ನು ಅಣ್ಣತಮ್ಮಂದಿರು ಹಂಚಿಕೊಂಡು, ಹಂಚಿಕೊಂಡದ್ದನ್ನು ಮಾರಿಕೊಂಡು, ಕಡೆಗೆ ನಮ್ಮ ಪಾಲಿಗೆ ಈ ಒಂದು ಸೈಟು ಉಳಿಯಿತು. ನಮ್ಮ ಯಜಮಾನರು ನೇಗಿಲು ಹಿಡಿದವರಲ್ಲ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಲೇತ್ ಮಿಷಿನ್ನಿನ ಮುಂದೆ ಇಪ್ಪತ್ತೆಂಟು ವರ್ಷ ನಿಂತರು. ಒಂದು ದಿನ ಫ್ಯಾಕ್ಟರಿಗೆ ಬೀಗ ಬಿತ್ತು. ಕೈಗೆ ಬಂದದ್ದರಲ್ಲಿ ಮಗಳನ್ನು ಬೇಗೂರಿಗೆ ಮದುವೆ ಮಾಡಿ ಕೊಟ್ಟೆವು. ಮಿಕ್ಕಿದ್ದರಲ್ಲಿ ಒಂದು ಹಳೆಯ ವ್ಯಾನು ಬಂತು.

ವ್ಯಾನು ಅಂದರೆ ದೊಡ್ಡದು ಅಂದುಕೊಳ್ಳಬೇಡಿ. ಬ್ರೆಡ್ಡಿನ ತುಂಡಿಗೆ ನಾಲ್ಕು ಚಕ್ರ ಸಿಕ್ಕಿಸಿದ ಹಾಗೆ ಇತ್ತು. ಬಿಳಿ ಬಣ್ಣ, ನಮಗೆ ಬರುವ ಹೊತ್ತಿಗೆ ಅದು ಹಳೇ ಪಂಚೆಯ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಸೀಟು ಕಿತ್ತುಹಾಕಿ ಪಾತ್ರೆ ಇಡುವುದಕ್ಕೆ ಜಾಗ ಮಾಡಿದೆವು. ನಾನು ಬೆಳಗಿನ ಜಾವದಿಂದ ಮುದ್ದೆ, ಸೊಪ್ಪಿನ ಸಾರು, ಅನ್ನ, ಬುಧವಾರವಾದರೆ ಮೊಟ್ಟೆ ಸಾರು ಮಾಡುತ್ತಿದ್ದೆ. ಪೀಣ್ಯ ಎರಡನೇ ಹಂತದಲ್ಲಿ ಮೂರು ಸಣ್ಣ ವರ್ಕ್‌ಶಾಪಿನವರು ನಮ್ಮಲ್ಲೇ ಊಟ ಹೇಳಿದ್ದರು. ಹನ್ನೆರಡೂವರೆಗೆ ಅಲ್ಲಿರಬೇಕು. ತಡವಾದರೆ ಮುದ್ದೆ ಕಲ್ಲಾಗುತ್ತದೆ, ಉಣ್ಣುವವರ ಮುಖ ಅದಕ್ಕಿಂತ ಗಟ್ಟಿಯಾಗುತ್ತದೆ. ಅಡುಗೆ ನನ್ನದು, ಗಾಡಿ ಅವರದು. ಹೀಗೆ ನಾಲ್ಕೈದು ವರ್ಷ ನಡೆಯಿತು.

ಅವರು ಗಾಡಿ ಹತ್ತುವಾಗ ಫ್ಯಾಕ್ಟರಿಯ ಬೂಟು ಹಾಕಿಕೊಳ್ಳುತ್ತಿದ್ದರು. ಮುಂದೆ ಒಳಗೆಲ್ಲ ಕಬ್ಬಿಣ ಇಟ್ಟಿರುತ್ತಾರಲ್ಲ, ಕಾಲಿನ ಮೇಲೆ ಏನಾದರೂ ಬಿದ್ದರೂ ಬೆರಳು ಜಜ್ಜದಿರಲಿ ಅಂತ, ಆ ಬೂಟು. ಫ್ಯಾಕ್ಟರಿ ಮುಚ್ಚುವ ವರ್ಷ ಕೊಟ್ಟ ಕಡೆಯ ಜೋಡಿ. "ಸಾರು ಕೊಡೋಕೆ ಹೋಗೋನಿಗೆ ಬೂಟ್ಯಾಕ್ರೀ?" ಅಂತ ಕೇಳಿದರೆ, "ಗೇಟಲ್ಲಿ ನಿಂತಿರೋ ವಾಚ್‌ಮನ್ ಮೊದ್ಲು ಕಾಲು ನೋಡ್ತಾನೆ ಕಣೇ. ಚಪ್ಲಿ ಹಾಕ್ಕಂಡ್ ಹೋದ್ರೆ ಅಡುಗೆ ಭಟ್ಟ ಅಂತಾನೆ" ಅನ್ನುತ್ತಿದ್ದರು. ಇಪ್ಪತ್ತೆಂಟು ವರ್ಷ ಆಪರೇಟರ್ ಅನ್ನಿಸಿಕೊಂಡವರು. ಇರಲಿ ಬಿಡು ಅಂತ ನಾನೂ ಬಿಟ್ಟೆ.

ಈಗ ಗೆರೆಯ ಮಾತು. ನನ್ನ ಓದು ಎರಡನೇ ಕ್ಲಾಸಿಗೆ ನಿಂತಿತು. ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಭಾಗಿಸುವುದು ಅವತ್ತೂ ಬರುತ್ತಿರಲಿಲ್ಲ, ಇವತ್ತೂ ಬರುವುದಿಲ್ಲ. ಆದರೆ ಗೆರೆ ಎಳೆಯುವುದಕ್ಕೆ ಸ್ಕೂಲು ಬೇಕಿಲ್ಲ. ಅಡುಗೆಮನೆಯ ಗೋಡೆಯ ಮೇಲೆ, ಗಾಡಿ ಒಂದು ಸಲ ಪೀಣ್ಯಕ್ಕೆ ಹೋಗಿ ಬಂದರೆ ಇದ್ದಿಲಿನಲ್ಲಿ ಒಂದು ಗೆರೆ. ಪೆಟ್ರೋಲ್ ಮುಳ್ಳು ಕೆಳಗೆ ಬಿದ್ದು ಹದಿನೈದು ಲೀಟರ್ ಹಾಕಿಸಿದ ದಿನ ಆ ಗೆರೆಗಳಿಗೆಲ್ಲ ಅಡ್ಡಲಾಗಿ ಒಂದು ಉದ್ದ ಗೆರೆ. ಯಾವಾಗಲೂ ಹದಿನೈದೇ, ಹೆಚ್ಚಿಲ್ಲ ಕಡಿಮೆ ಇಲ್ಲ. ಅಡ್ಡ ಗೆರೆಗೂ ಅಡ್ಡ ಗೆರೆಗೂ ನಡುವೆ ಇಪ್ಪತ್ತೆರಡು ಇರುತ್ತಿತ್ತು. ವರ್ಷಗಟ್ಟಲೆ ಇಪ್ಪತ್ತೆರಡು. ಆಮೇಲೆ ಒಂದು ಸಲ ಹತ್ತೊಂಬತ್ತು ಬಂತು. ಎಣಿಸಿದ್ದು ತಪ್ಪಿರಬೇಕು ಅಂದುಕೊಂಡೆ. ಮುಂದಿನ ಸಲ ಹದಿನಾರು. ಅದರ ಮುಂದಿನದು ಹದಿಮೂರು.

ಗೋಡೆ ಸುಳ್ಳು ಹೇಳುವುದಿಲ್ಲ. ಆದರೆ ಯಾರ ತಪ್ಪು ಅಂತಲೂ ಅದು ಹೇಳುವುದಿಲ್ಲ. ಅದನ್ನು ನಾವು ಹೇಳುತ್ತೇವೆ, ಬಾಯಿಗೆ ಬಂದ ಹಾಗೆ. ಮೊದಲು ಬಂಕಿನವನು ಅಳತೆಯಲ್ಲಿ ಮೋಸ ಮಾಡುತ್ತಾನೆ ಅಂದೆ; ಬಂಕು ಬದಲಾಯಿತು, ಗೆರೆ ಬದಲಾಗಲಿಲ್ಲ. ಆಮೇಲೆ ಯಾರೋ ಪೈಪು ಹಾಕಿ ಎಳೆದುಕೊಳ್ಳುತ್ತಿದ್ದಾರೆ ಅಂತ ಬೀಗದ ಮುಚ್ಚಳ ಹಾಕಿಸಿದೆ. ಎದುರು ಮನೆಯವರ ಹತ್ತಿರ ಎರಡು ವಾರ ಮಾತು ಬಿಟ್ಟೆ. ಅವರಿಗೆ ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಕಡೆಗೆ ಉಳಿದವರು ನಮ್ಮ ಯಜಮಾನರೇ.

"ಊಟ ಕೊಟ್ಟು ಸೀದಾ ಮನೆಗೆ ಬರ್ತೀರೋ, ಇಲ್ಲ ಊರೆಲ್ಲ ಸುತ್ಕಂಡು ಬರ್ತೀರೋ?"

"ಸುತ್ತೋಕೆ ನನ್ಗೇನ್ ಬ್ಯಾರೆ ಸಂಸಾರ ಐತಾ?"

"ಇದ್ದಿದ್ರೆ ನಿಮ್ಮ ಬಟ್ಟೆನಾದ್ರೂ ಅವ್ಳು ಒಗೀತಿದ್ಲು."

"ಗಾಡಿ ಎಳೀತಾ ಇಲ್ಲ ಕಣೇ. ಯಾರೋ ಹಿಂದ್ಗಡೆಯಿಂದ ಹಿಡ್ಕಂಡಂಗೆ ಆಯ್ತದೆ."

ಹೀಗೆ ಜಗಳವಾಗಿ ಜ್ಯೇಷ್ಠದ ಮೊದಲ ವಾರದಲ್ಲಿ ನಾನು ಮಾತು ಮುಗಿಸಿಬಿಟ್ಟೆ. ಶ್ರಾವಣ ಹುಟ್ಟುವುದರೊಳಗೆ ಗೆರೆ ಇಪ್ಪತ್ತು ದಾಟಬೇಕು. ದಾಟದಿದ್ದರೆ ಗಾಡಿ ಮಾರುವುದು, ಊಟ ಸಾಗಿಸುವುದನ್ನು ಸ್ಟ್ಯಾಂಡಿನ ಆಟೋದವರಿಗೆ ಒಪ್ಪಿಸುವುದು. ಅವರು ಬೂಟಿನ ದಾರ ಬಿಗಿದುಕೊಂಡು ಗಾಡಿ ಹತ್ತಿ ನೆಟ್ಟಗೆ ಸೆಲ್ವನ ಶೆಡ್ಡಿಗೆ ಹೋದರು.

ಸೆಲ್ವ ನಮ್ಮ ಬೀದಿಯ ಕೊನೆಯಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದವನು. ಆಗ ನಲವತ್ತರ ಹತ್ತಿರ ಇದ್ದ. ಕೆಲಸ ಚೆನ್ನಾಗಿ ಬರುತ್ತಿತ್ತು, ಮಾತು ಅದಕ್ಕಿಂತ ಚೆನ್ನಾಗಿ. ನಾನೂ ಹೋಗಿ ಒಂದು ಟೈರಿನ ಮೇಲೆ ಕೂತೆ. ಗಂಡಸರಿಬ್ಬರನ್ನೇ ಬಿಟ್ಟರೆ ಕೆಲಸ ಬಿಟ್ಟು ಮೆಟ್ರೋ ಕಂಬದ ವಿಷಯ ಮಾತಾಡುತ್ತಾರೆ. ತುಮಕೂರು ರಸ್ತೆಯ ಮೇಲೆ ಆಗ ಆ ಕಂಬಗಳು ಏಳುತ್ತಿದ್ದವು. ಧೂಳೋ ಧೂಳು. ಸೆಲ್ವ ಗಾಳಿ ಸೋಸುವ ಫಿಲ್ಟರ್ ಬಿಚ್ಚಿ ನೆಲಕ್ಕೆ ಕುಟ್ಟಿದ. ಹಿಟ್ಟಿನ ಗಿರಣಿಯಲ್ಲಿ ನಿಂತ ಹಾಗೆ ಎಲ್ಲರೂ ಬೂದುಬಣ್ಣ ಆದೆವು.

"ನೋಡಿ ಅಮ್ಮಾ, ಅರ್ಧ ಪೀಣ್ಯ ಇದ್ರೊಳಗಿದೆ. ಉಸಿರು ಕಟ್ಟಿದ್ರೆ ಗಾಡಿ ಪಾಪ ಏನು ಮಾಡತ್ತೆ?"

ಫಿಲ್ಟರ್ ಹೊಸದು ಬಂತು. ಪ್ಲಗ್ಗು ತೆಗೆದು ತೋರಿಸಿದ; ಒಲೆಯ ಬುಡದ ಹಾಗೆ ಕರಿ ಹಿಡಿದಿತ್ತು. ಅದೂ ಹೊಸದು ಬಂತು. ಕಾರ್ಬೊರೇಟರ್ ಬಿಚ್ಚಿ ತೊಳೆದ. ಟೈರಿಗೆ ಗಾಳಿ ಅರ್ಧಕ್ಕರ್ಧ ಇರಲಿಲ್ಲ, ಹಿಡಿಸಿದ. "ಗಾಳಿ ಕಮ್ಮಿ ಇದ್ರೆ ಮರಳಲ್ಲಿ ಸೈಕಲ್ ತುಳಿದಂಗೆ ಅಮ್ಮಾ" ಅಂದ. ಒಂದೊಂದೂ ನಿಜವೇ. ಒಂದೊಂದಕ್ಕೂ ನಾನು ತಲೆಯಾಡಿಸಿದೆ. ಆ ಸಲದ ಗೆರೆ ಹದಿನೈದು ಬಂತು. ಹದಿಮೂರು ಹದಿನೈದಾಗುವುದಕ್ಕೆ ಅಷ್ಟೆಲ್ಲ ಬಿಚ್ಚಬೇಕಾಯಿತೇ ಅಂತ ಸಿಟ್ಟು ಬಂತು.

ಅದಾದ ಮೇಲೆ ಒಂದು ಮಧ್ಯಾಹ್ನ ಗಾಡಿ ವಾಪಸು ಬಂದಾಗ ನಾನು ಖಾಲಿ ಪಾತ್ರೆ ಇಳಿಸುತ್ತಿದ್ದೆ. ಸೆರಗು ಚಕ್ರಕ್ಕೆ ಸಿಕ್ಕಿತು. ಬಿಡಿಸಿಕೊಳ್ಳಲು ಬಗ್ಗಿದರೆ, ಚಕ್ರದ ನಡುವಿನ ಕಬ್ಬಿಣದ ಬಿಸಿ ಕಾದ ಹೆಂಚಿನ ಹಾಗೆ ಮುಖಕ್ಕೆ ರಾಚಿತು. ಒಂದು ಥರ ಸುಟ್ಟ ವಾಸನೆ ಬೇರೆ. ಸುತ್ತ ಹೋಗಿ ಮಿಕ್ಕ ಮೂರನ್ನೂ ನೋಡಿದೆ. ನಾಲ್ಕೂ ಬಿಸಿ. ಸೆಲ್ವನಿಗೆ ಹೇಳಿ ಕಳಿಸಿದೆ. ಅವನು ಬರುವಷ್ಟರಲ್ಲಿ ಚಕ್ರ ತಣ್ಣಗಾಗಿತ್ತು. ಒಂದೊಂದನ್ನೇ ಜಾಕಿ ಕೊಟ್ಟು ಎತ್ತಿ ಕೈಯಲ್ಲಿ ತಿರುಗಿಸಿದ. ಬುಗುರಿಯ ಹಾಗೆ ತಿರುಗಿದವು.

"ಒಂದು ಚಕ್ರ ಬಿಸಿ ಅಂದ್ರೆ ಆ ಚಕ್ರದ ಬ್ರೇಕು ಹಿಡ್ಕೊಂಡಿದೆ ಅನ್ಬೋದು ಅಮ್ಮಾ. ನಾಲ್ಕೂ ಅಂದ್ರೆ? ನಾಲ್ಕೂ ಒಟ್ಟಿಗೆ ಹಿಡಿಯಲ್ಲ. ನೋಡಿ, ಎಷ್ಟು ಫ್ರೀಯಾಗಿದೆ. ಗಾಡಿಗೆ ಏನೂ ಇಲ್ಲ."

"ಗಾಡಿಗೆ ಏನೂ ಇಲ್ಲ ಅಂದ್ರೆ ಪೆಟ್ರೋಲ್ ಯಾರು ಕುಡೀತಾವ್ರೆ? ನೀನಾ?"

"ಅಯ್ಯೋ, ನಾನು ಟೀ ಕುಡಿಯೋನು ಅಮ್ಮಾ. ಅದೂ ಇನ್ನೂ ನೀವು ಕೊಟ್ಟಿಲ್ಲ."

ಟೀ ಕೊಟ್ಟೆ. ಬ್ರೇಕೆಲ್ಲ ಬಿಚ್ಚಿ ಒರೆಸಿ ಮತ್ತೆ ಕೂರಿಸಿ ಹೋದ. ಆಶ್ಚರ್ಯ ಅಂದರೆ ಆ ಸಲ ಗೆರೆ ಒಂದೊಂದೇ ಏರಿತು. ಹದಿನೇಳು, ಹದಿನೆಂಟು, ಹತ್ತೊಂಬತ್ತು. ಇವರು ದಿನಾ ಮನೆಗೆ ಬಂದವರೇ ಗೋಡೆಯ ಮುಂದೆ ನಿಂತು, "ಹಾಕು ಗೆರೆ" ಅನ್ನುತ್ತಿದ್ದರು. ನನಗೂ ಸಮಾಧಾನವಾಯಿತು. ಸಮಾಧಾನವಾದ ಮೂರನೇ ದಿನ ನೀರಿನ ಡ್ರಮ್ಮಿನ ಹಿಂದೆ ಇಲಿ ಸತ್ತಿದೆಯೇನೋ ಅಂತ ಕೈ ಹಾಕಿದರೆ ಪ್ಲಾಸ್ಟಿಕ್ ಕ್ಯಾನು ಸಿಕ್ಕಿತು. ಮುಚ್ಚಳ ತೆಗೆದು ಮೂಸಿದೆ. ಪೆಟ್ರೋಲು.

ನಾನು ಗೆರೆ ಎಣಿಸುತ್ತಿದ್ದರೆ, ಇವರು ನನಗೆ ಕಾಣದ ಹಾಗೆ ಕ್ಯಾನಿನಿಂದ ಟ್ಯಾಂಕಿಗೆ ಸುರಿಯುತ್ತಿದ್ದರು. ಬೀಗದ ಮುಚ್ಚಳದ ಕೀಲಿ ಅವರ ಉಡಿದಾರದಲ್ಲೇ ಇತ್ತಲ್ಲ. ಕ್ಯಾನು ತಂದು ಅವರ ಮುಂದೆ ಇಟ್ಟೆ. ಬಯ್ಯುವುದಕ್ಕೆ ಬಾಯಿ ತೆರೆದೆ. ಅವರೇ ಮೊದಲು ಕೂಗಿದರು.

"ಇನ್ನೇನ್ ಮಾಡ್ಲಿ? ಆಟೋದೋನಿಗೆ ಕೊಟ್ಬುಟ್ರೆ ನಾನೇನ್ ಮಾಡ್ಲಿ ಹೇಳು. ಇಲ್ಲಿ ಕುಂತ್ಕಂಡು ನಿನ್ ಈರುಳ್ಳಿ ಹೆಚ್ಲಾ?"

ಅವತ್ತಿನಿಂದ ಮಾತು ಬಿಟ್ಟೆ. ಸಿಟ್ಟು ಬಂದರೆ ಮಾತು ಬಿಡುವುದು ನನ್ನ ಅಭ್ಯಾಸ, ಎದುರು ಮನೆಯವರನ್ನು ಕೇಳಿ.

ಹಾಗೆ ಮಾತಿಲ್ಲದೆ ಇರುವಾಗಲೇ ಭೀಮನ ಅಮಾವಾಸ್ಯೆ ಬಂತು. ಆಷಾಢ ಮುಗಿಯುವ ದಿನ, ಗಂಡನ ಪಾದ ಪೂಜೆ ಮಾಡುವ ಹಬ್ಬ. ನಮ್ಮಮ್ಮ ಮಾಡುತ್ತಿರಲಿಲ್ಲ. ಬೀದಿಯವರೆಲ್ಲ ಮಾಡುತ್ತಾರೆ ಅಂತ ನಾನು ಹಿಡಿದುಕೊಂಡದ್ದು, ಬಿಡುವುದಕ್ಕಾಗಲಿಲ್ಲ. ಜಗಳ ಇದ್ದರೂ ಹಬ್ಬ ಹಬ್ಬವೇ. ಮಣೆ ಹಾಕಿದೆ. ಅವರು ಬಂದು ಕೂತು ತಟ್ಟೆಯಲ್ಲಿ ಕಾಲಿಟ್ಟರು. ಸಿಟ್ಟಿನಲ್ಲಿ ನೀರನ್ನು ಒಲೆಯಿಂದ ಇಳಿಸಿ ಹಾಗೇ ತಂದಿದ್ದೆ, ತಣ್ಣೀರು ಬೆರೆಸುವುದು ಮರೆತಿತ್ತು. ಸುರಿದ ಮೇಲೆ ನನ್ನ ಬೆರಳು ಚುರ್ ಅಂತು. ಅವರು ಕದಲಲಿಲ್ಲ. ಗೋಡೆಯ ಗೆರೆ ನೋಡುತ್ತಾ ಕೂತಿದ್ದರು. ಇವರಿಗೂ ಎಷ್ಟು ಹಟ ನೋಡು, ಸುಟ್ಟರೂ ಬಾಯಿ ಬಿಡುವುದಿಲ್ಲ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಪಾದದ ಮೇಲೆ ಅರಿಸಿನ ಹಚ್ಚಿದೆ, ಕುಂಕುಮ ಇಟ್ಟೆ, ಹೂವು ಇಟ್ಟೆ, ಕಣ್ಣಿಗೊತ್ತಿಕೊಂಡು ಎದ್ದೆ.

ಮಾರನೆಯ ದಿನ ಶ್ರಾವಣ. ನನ್ನ ಗಡುವು ಮುಗಿದಿತ್ತು. ಅವರು ಊಟದ ಪಾತ್ರೆ ತುಂಬಿಕೊಂಡು ಹೊರಟರು. ಬಾಗಿಲು ಸಾರಿಸೋಣ ಅಂತ ಬಂದರೆ ಸಾರಿನ ದೊಡ್ಡ ಡಬರಿ ಜಗುಲಿಯ ಮೇಲೆಯೇ ಕೂತಿದೆ. ಮಾತಾಡದೆ ಪಾತ್ರೆ ತುಂಬಿದರೆ ಆಗುವುದು ಹೀಗೆಯೇ. ಸ್ಟ್ಯಾಂಡಿಗೆ ಓಡಿ ನಾಗರಾಜನ ಆಟೋ ಕರೆದುಕೊಂಡು ಬಂದು, ಡಬರಿಯನ್ನು ತೊಡೆಯ ಮಧ್ಯೆ ಇಟ್ಟುಕೊಂಡು ಕೂತೆ. ದಾರಿಯಲ್ಲಿ ಅವನ ಹತ್ತಿರವೇ ಮಾತಾಡಿ ಊಟ ಸಾಗಿಸುವುದನ್ನು ಗೊತ್ತುಮಾಡಿಬಿಡೋಣ ಅಂತಲೂ ಮನಸ್ಸಿನಲ್ಲಿತ್ತು.

ರಿಂಗ್ ರೋಡು ಹತ್ತುವಾಗ ನಮ್ಮ ವ್ಯಾನು ಮುಂದೆ ಕಾಣಿಸಿತು. ಹಾರ್ನ್ ಹೊಡಿ, ನಿಲ್ಲಿಸೋಣ ಅಂದೆ. ಕಲ್ಲಿನ ಲಾರಿಗಳ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಹಿಂದೆಯೇ ಹೋದೆವು. ಸ್ವಲ್ಪ ದೂರ ಹೋದ ಮೇಲೆ ನಾಗರಾಜ ಕೇಳಿದ.

"ಅಮ್ಮ, ಯಜಮಾನ್ರು ಯಾಕೆ ಬ್ರೇಕ್ ಒತ್ಕಂಡೇ ಓಡಿಸ್ತಾವ್ರೆ?"

"ಎಂಗೆ ಗೊತ್ತು ನಿನಗೆ?"

"ಹಿಂದಿನ ಕೆಂಪು ಲೈಟು ನೋಡಿ. ಬ್ರೇಕ್ ತುಳಿದ್ರೆ ತಾನೆ ಅದು ಹತ್ಕೊಳದು? ಸಿಗ್ನಲ್‌ನಿಂದ ಇಲ್ಲಿಗಂಟ ಆರೇ ಇಲ್ಲ."

ನೋಡಿದೆ. ನಿಜ. ರಸ್ತೆ ಖಾಲಿ ಇದೆ, ಗಾಡಿ ಓಡುತ್ತಿದೆ, ಕೆಂಪು ದೀಪ ಹೊತ್ತಿಯೇ ಇದೆ. ಅಷ್ಟು ದಿನ ನಾನು ಗಾಡಿಯ ಕೆಳಗೆ ತಲೆ ಹಾಕಿ ನೋಡಿದ್ದೆ, ಬಾನೆಟ್ಟಿನ ಒಳಗೆ ಇಣುಕಿದ್ದೆ, ಪೈಪು ಮೂಸಿದ್ದೆ. ಅದು ಓಡುವಾಗ ಹಿಂದಿನಿಂದ ಒಂದು ಸಲವೂ ನೋಡಿರಲಿಲ್ಲ. ಯಾಕೆ ನೋಡುತ್ತೇನೆ? ಅದು ಓಡುವಾಗ ನಾನು ಪಾತ್ರೆ ಉಜ್ಜುತ್ತಿರುತ್ತೇನೆ.

ಊಟ ಕೊಟ್ಟದ್ದಾಯಿತು. ನಾಗರಾಜನನ್ನು ಕಳಿಸಿ, ನಾನು ವ್ಯಾನಿನಲ್ಲಿ ಇವರ ಪಕ್ಕ ಕೂತೆ. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟೆ.

"ಬ್ರೇಕ್ ಮ್ಯಾಲೆ ಕಾಲಿಟ್ಕಂಡು ಓಡಿಸ್ತೀರಂತಲ್ರೀ."

"ಯಾವ ನನ್ಮಗ ಅಂದಿದ್ದು? ನನ್ ಕಾಲು ಎಲ್ಲೈತೆ ಅಂತ ನನ್ಗೆ ಗೊತ್ತಿಲ್ವಾ?"

ಸೆಲ್ವನ ಶೆಡ್ಡಿಗೆ ಬಂದೆವು. ಅವನು ಬಾಗಿಲು ತೆಗೆದು ನೆಲದ ಮೇಲೆ ಮಂಡಿಯೂರಿ ಕೂತು, ತಲೆಯನ್ನು ಪೆಡಲಿನ ಹತ್ತಿರ ತಂದು, "ಸಾರ್, ಆಕ್ಸಿಲೇಟರ್ ಒತ್ತಿ" ಅಂದ. ಒತ್ತಿದರು. ನಾನೂ ಅವನ ಭುಜದ ಮೇಲಿಂದ ಬಗ್ಗಿ ನೋಡಿದೆ. ಸಣ್ಣ ಗಾಡಿ, ಎರಡು ಪೆಡಲಿನ ನಡುವೆ ನಾಲ್ಕು ಬೆರಳಿನ ಜಾಗವೂ ಇಲ್ಲ. ಇವರದು ಕಬ್ಬಿಣ ತುಂಬಿದ ಅಗಲ ಮೂತಿಯ ಬೂಟು. ಬಲಗಾಲು ಆಕ್ಸಿಲೇಟರ್ ಒತ್ತುತ್ತಿತ್ತು, ಅದೇ ಬೂಟಿನ ಅಂಚು ಪಕ್ಕದ ಬ್ರೇಕನ್ನೂ ಒತ್ತುತ್ತಿತ್ತು. ಒಂದು ಕಾಲಿನಲ್ಲಿ ಹೋಗು ಅಂತ, ಅದೇ ಕಾಲಿನಲ್ಲಿ ನಿಲ್ಲು ಅಂತ.

ಸೆಲ್ವ ಅಲ್ಲೇ ನೆಲದ ಮೇಲೆ ಕೂತು ನಕ್ಕುಬಿಟ್ಟ. "ಬೂಟು ಸಾರ್! ಎರಡು ತಿಂಗ್ಳಿಂದ ಗಾಡಿ ಬಿಚ್ತಾ ಇದೀನಿ, ಬಿಚ್ಬೇಕಾಗಿದ್ದು ಬೂಟು!"

ಇವರೂ ನಕ್ಕರು. ನಾನೂ ನಕ್ಕೆ. ಮೂರು ಜನರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಗಾಡಿ ಉಳಿಯಿತು, ಇವರ ಕೆಲಸ ಉಳಿಯಿತು, ಈರುಳ್ಳಿ ಹೆಚ್ಚುವುದು ತಪ್ಪಿತು. ನಗುತ್ತಲೇ ಸೆಲ್ವ, "ಬಿಚ್ಚಿ ಕೊಡಿ ಸಾರ್, ಬರಿಗಾಲಲ್ಲಿ ಒಂದು ರೌಂಡು ಹೋಗಿ ಬನ್ನಿ" ಅಂತ ತಾನೇ ದಾರ ಬಿಚ್ಚಿ ಬೂಟು ಎಳೆದ.

ಬೂಟಿನ ಜೊತೆ ಬಂದ ವಾಸನೆಗೆ ಅವನ ನಗು ನಿಂತಿತು.

ಕಾಲುಚೀಲ ಅಂಗಾಲಿಗೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಿದೆ. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ಕಪ್ಪಗೆ ಒಂದು ಗುಳಿ. ಅದರೊಳಗೆ ಏನೋ ಮಿಣುಕಿತು. ಲೇತ್ ಮಿಷಿನ್ನಿನಿಂದ ಸುರುಳಿ ಸುರುಳಿಯಾಗಿ ಬೀಳುತ್ತದಲ್ಲ ಕಬ್ಬಿಣದ ಚೂರು, ಅದು. ವರ್ಕ್‌ಶಾಪಿನ ನೆಲದಲ್ಲಿ ಎಲ್ಲೋ ಸವೆದ ಬೂಟಿನ ತಳ ತೂರಿಕೊಂಡು ಒಳಗೆ ಹೋಗಿದೆ. ಎಷ್ಟು ದಿನವಾಗಿತ್ತೋ. ಅವರು ಅದರ ಮೇಲೆ ನಡೆದಿದ್ದಾರೆ, ಪಾತ್ರೆ ಹೊತ್ತಿದ್ದಾರೆ, ಗಾಡಿ ಓಡಿಸಿದ್ದಾರೆ.

"ಯಾವಾಗ ಚುಚ್ತು?" ಅಂದೆ.

ಅವರು ಬೇರೆ ಯಾರದೋ ಕಾಲು ನೋಡುವ ಹಾಗೆ ನೋಡಿದರು. "ಗೊತ್ತಿಲ್ಲ ಕಣೇ" ಅಂದರು. "ನಿಜ್ವಾಗ್ಲೂ ಗೊತ್ತಿಲ್ಲ."

ಸೆಲ್ವನೇ ಗಾಡಿ ಓಡಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಅಂತ ಕೇಳಿದರು. ನಮಗೆ ಅದು ಇರುವುದೇ ಅವತ್ತು ಗೊತ್ತಾಗಿದ್ದು. ಸಂಜೆ ಬಾಯಾರಿಕೆ, ಬೇಗ ಸುಸ್ತು. ಐವತ್ತೆಂಟು ವರ್ಷದವರಿಗೆ ಇರುವುದೇ ತಾನೆ ಅಂದುಕೊಂಡಿದ್ದೆವು. ನನ್ನ ತಲೆಯಲ್ಲಿ ಇನ್ನೂ ಬೂಟೇ ಕೂತಿತ್ತು. "ಡಾಕ್ಟ್ರಮ್ಮ, ಅದೇ ಬೂಟಲ್ಲಿ ನಾಲ್ಕೈದು ವರ್ಷ ಓಡ್ಸವ್ರೆ, ಆಗೆಲ್ಲ ಬ್ರೇಕ್ ತಾಗ್ಲಿಲ್ವಲ್ಲ?" ಅಂದೆ. ಅವರಿಗೆ ಅದು ಅರ್ಥವಾಗಲಿಲ್ಲ. ಮೀನು ಹಿಡಿಯುವ ದಾರದಂಥ ಒಂದು ಎಳೆ ತಂದು, ಇವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, "ನಾನು ಅಂಗಾಲು ಮುಟ್ಟಿದಾಗೆಲ್ಲ ಹೂಂ ಅನ್ನಿ" ಅಂದರು. ಹೆಬ್ಬೆರಳು ಮುಟ್ಟಿದರು. ನಡುವೆ ಮುಟ್ಟಿದರು. ಹಿಮ್ಮಡಿ ಮುಟ್ಟಿದರು. ಎಂಟು ಹತ್ತು ಕಡೆ ಮುಟ್ಟಿದರು. ಇವರು ಸ್ಕೂಲು ಹುಡುಗನ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದರು.

"ಮುಟ್ಟಿ ಡಾಕ್ಟ್ರೇ, ಕಾಯ್ತಾ ಇವ್ನಿ" ಅಂದರು.

ಆಗ ನನಗೆ ತಿಳಿಯಿತು. ಮೊದಲೆಲ್ಲ ಬೂಟಿನ ಅಂಚು ಬ್ರೇಕಿಗೆ ತಾಗಿದರೆ ಕಾಲಿಗೆ ಗೊತ್ತಾಗಿ ತಾನೇ ಸರಿದುಕೊಳ್ಳುತ್ತಿತ್ತು. ಆ ಗೊತ್ತಾಗುವುದು ಹೋಗಿತ್ತು. ಇಪ್ಪತ್ತೆರಡು ಹತ್ತೊಂಬತ್ತಾಗಿ, ಹದಿನಾರಾಗಿ, ಹದಿಮೂರಾದದ್ದು ಗಾಡಿಯಲ್ಲ, ಅವರ ಕಾಲು. ಗೋಡೆಯ ಮೇಲೆ ಅಷ್ಟು ದಿನ ನಾನು ಬರೆದದ್ದು ಅದನ್ನೇ.

"ಇಷ್ಟಾಗೋವರೆಗೂ ಮನೇಲಿ ಯಾರೂ ನೋಡ್ಲಿಲ್ವಾ?" ಅಂತ ಡಾಕ್ಟರು ನನ್ನ ಕಡೆ ತಿರುಗಿ ಕೇಳಿದರು. ನೋಡಿದ್ದೆ. ಹಿಂದಿನ ದಿನವೇ ಮಣೆ ಹಾಕಿ, ತೊಳೆದು, ಹೂವಿಟ್ಟು, ಕಣ್ಣಿಗೊತ್ತಿಕೊಂಡಿದ್ದೆ. ಪೂಜೆ ಮಾಡುವುದು ಪಾದದ ಮೇಲ್ಗಡೆಗೆ. ಅದನ್ನು ತಿರುಗಿಸಿ ನೋಡುವ ಪದ್ಧತಿ ಯಾರಲ್ಲೂ ಇಲ್ಲ. ಗಂಡನ ಕಾಲನ್ನು ಕುದುರೆಗೆ ಲಾಳ ಹೊಡೆಯುವವನ ಹಾಗೆ ಎತ್ತಿ ನೋಡುವ ಹೆಂಗಸನ್ನು ನೀವು ಕಂಡಿದ್ದೀರಾ? ಸುಡುವ ನೀರು ಹಾಕಿದಾಗ ಸುಮ್ಮನೆ ಕೂತಿದ್ದರಲ್ಲ, ಅದನ್ನೂ ಡಾಕ್ಟರಿಗೆ ಹೇಳಲಿಲ್ಲ. ಹಟ ಅಂದುಕೊಂಡೆ ಅಂತ ಹೇಗೆ ಹೇಳುವುದು?

ಎರಡು ಬೆರಳು ತೆಗೆದರು. ಆರು ತಿಂಗಳಿಗೆ ಅರ್ಧ ಪಾದ. ಇನ್ನು ಗಾಡಿ ಮುಟ್ಟುವ ಹಾಗಿಲ್ಲ ಅಂದರು. ಊಟ ಸಾಗಿಸುವುದು ನಾಗರಾಜನಿಗೇ ಹೋಯಿತು. ವ್ಯಾನು ಮಾರುವವರೆಗೆ ಸೆಲ್ವ ಆಗಾಗ ಓಡಿಸುತ್ತಿದ್ದ. ಫಿಲ್ಟರು ಹೊಸದು, ಪ್ಲಗ್ಗು ಹೊಸದು, ಟೈರಿಗೆ ಗಾಳಿ. ನನ್ನ ಗೋಡೆಯಲ್ಲಿ ಇಪ್ಪತ್ತಾರು ಗೆರೆ ಬಂತು, ಅಷ್ಟು ಹಿಂದೆಂದೂ ಬಂದಿರಲಿಲ್ಲ. ಸೆಲ್ವ ಹೆಮ್ಮೆಯಿಂದ ತೋರಿಸಿದ. ನಾನು ನೋಡಿದೆ. ಆ ವರ್ಷ ಸುಣ್ಣ ಹೊಡೆಸಿದೆ.

ಇವರು ಮನೆಯಲ್ಲಿ ಕೂತು ಈರುಳ್ಳಿ ಹೆಚ್ಚಿದರು. ನಾಲ್ಕು ವರ್ಷ. ತುಂಬಾ ಚೆನ್ನಾಗಿ ಹೆಚ್ಚುತ್ತಿದ್ದರು, ಅದನ್ನು ಒಪ್ಪಿಕೊಳ್ಳಬೇಕು. ಲೇತಿನ ಕೈ, ಒಂದೊಂದು ಎಸಳೂ ಒಂದೇ ದಪ್ಪ. ಕೂಗಾಡಲಿಲ್ಲ, ಕೊರಗಲೂ ಇಲ್ಲ. ನಾಗರಾಜನ ಆಟೋ ಬಂದಾಗ ಮಾತ್ರ ಬಾಗಿಲಿಗೆ ಬಂದು, "ಗಾಳಿ ನೋಡ್ಸಿದೀಯೇನೋ?" ಅಂತ ಕೇಳುತ್ತಿದ್ದರು. ಆಮೇಲೆ ಅದೂ ನಿಂತಿತು. ಅವರು ಹೋದ ಮೇಲೆ ನಾನು ಅಡುಗೆ ಬಿಟ್ಟೆ, ಕೆಳಗಿನ ಮನೆ ಬಾಡಿಗೆಗೆ ಕೊಟ್ಟೆ. ಅಷ್ಟೇ.

ಈ ಕಥೆಯನ್ನು ನಾನು ಬೀದಿಯಲ್ಲಿ ಯಾರಿಗೂ ಪೂರ್ತಿ ಹೇಳಿಲ್ಲ. ಆದರೆ ಕಂಡಕಂಡವರಿಗೆ, "ನಿನ್ ಗಂಡನ ಅಂಗಾಲು ನೋಡಿದೀಯೇನೇ?" ಅಂತ ಕೇಳಿ ಬಾಯಿಹರುಕಿ ಅನ್ನಿಸಿಕೊಂಡಿದ್ದೇನೆ. ಅನ್ನಲಿ. ನಾಲ್ಕು ಜನ ನೋಡಿದ್ದಾರೆ. ಒಬ್ಬಳು ಸಮಯಕ್ಕೆ ನೋಡಿದಳು.

ಈಗ ನನಗೂ ಸಕ್ಕರೆ ಇದೆ. ಮೂರು ವರ್ಷವಾಯಿತು. ಆಸ್ಪತ್ರೆಯಲ್ಲಿ ಪ್ರತಿ ಸಲ ಕೇಳುತ್ತಾರೆ, "ದಿನಾ ಅಂಗಾಲು ನೋಡ್ಕೋತೀರಾ ಅಜ್ಜಿ?" ಪ್ರತಿ ಸಲ ಹೂಂ ಅನ್ನುತ್ತೇನೆ. ಸುಳ್ಳು. ನನ್ನ ಮಂಡಿ ಮಡಚುವುದಿಲ್ಲ. ಕನ್ನಡಿಯನ್ನು ನೆಲದಲ್ಲಿಟ್ಟು ನೋಡಿ ಅಂತಾರೆ. ಕನ್ನಡಿ ಇಟ್ಟರೆ ನನ್ನ ಕಣ್ಣಿಗೆ ಮಂಜು ಬಿಟ್ಟು ಬೇರೇನೂ ಕಾಣುವುದಿಲ್ಲ. ಮಗಳು ಬೇಗೂರಿನಿಂದ ತಿಂಗಳಿಗೊಮ್ಮೆ ಬರುತ್ತಾಳೆ, ಬಂದಾಗ ಅವಳಿಗೆ ಅವಳದೇ ಇರುತ್ತದೆ. ನೋಡು ಅಂತ ಯಾರನ್ನೂ ನಾನು ಕೇಳಿಲ್ಲ. ಬೇರೆಯವರಿಗೆ ಹೇಳುವುದು ಸುಲಭ, ಕಾಲು ಚಾಚುವುದು ಕಷ್ಟ. ಇವರೂ ಹೀಗೆಯೇ ಇದ್ದರೋ ಏನೋ ಅಂತ ಇದನ್ನು ಹೇಳುವಾಗ ಮೊದಲ ಸಲ ಅನ್ನಿಸಿತು.

ಇವತ್ತು ಭಾನುವಾರ. ಬಿಸಿಲು ಬಂದ ಮೇಲೆ ಪವಿತ್ರ ಮತ್ತೆ ಮೇಲೆ ಬಂದಳು.

"ಅಜ್ಜಿ, ನೀವು ಹೇಳ್ದಂಗೆ ನೋಡ್ದೆ. ಒಂದೇ ಚಕ್ರ ಬಿಸಿ. ಹಿಂದಿನ ಎಡಗಡೇದು."

"ಹಂಗಾದ್ರೆ ಅದ್ರ ಬ್ರೇಕು ಹಿಡ್ಕಂಡೈತೆ. ಮೆಕ್ಯಾನಿಕ್‌ಗೆ ತೋರ್ಸು, ಒಂದು ಗಂಟೆ ಕೆಲ್ಸ" ಅಂದೆ. ಅವಳು ಖುಷಿಯಾಗಿ ಹೊರಟಳು. ಬಾಗಿಲು ದಾಟುವಾಗ ಕೂಗಿದೆ. "ಏ ಪವಿತ್ರ, ಒಂದ್ನಿಮಿಷ ಬಾರೇ."

ಬಂದಳು. ನಾನು ಮಂಚದ ಮೇಲೆ ಕೂತು ಎಡಗಾಲು ಚಾಚಿದೆ. ಅವಳಿಗೆ ಏನು ಅನ್ನಿಸಿತೋ, ಬಗ್ಗಿ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ನಮಸ್ಕಾರ ಬ್ಯಾಡ ಕಣೇ. ಎತ್ತಿ ಅಂಗಾಲು ನೋಡು. ಗಾಯ, ಗುಳ್ಳೆ, ಏನಾದ್ರೂ ಐತಾ ನೋಡು. ನನಗೆ ಕಾಣಲ್ಲ."

ಅವಳು ನೆಲದ ಮೇಲೆ ಕೂತು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿಲಿನ ಕಡೆ ತಿರುಗಿಸಿದಳು. ಬೆರಳ ಸಂದಿ ಬಿಡಿಸಿ ನೋಡಿದಳು. ನನಗೆ ನಾಚಿಕೆಯಾಗಿ ಸೂರು ನೋಡುತ್ತಾ ಕೂತೆ. ಕಣ್ಣು ಮುಚ್ಚಿಕೊಂಡೆ.

"ಏನೂ ಇಲ್ಲ ಅಜ್ಜಿ, ಒಡಕು ಅಷ್ಟೇ. ಈಗ ಮುಟ್ತಾ ಇದೀನಿ, ಗೊತ್ತಾಗ್ತಿದೆಯಾ?"

"ಗೊತ್ತಾಯ್ತು. ಹಿಮ್ಮಡಿ."

"ಈಗ?"

"ಕಿರುಬೆರಳು."

ಆ ಕಾಲನ್ನು ಇಳಿಸಿ ಬಲಗಾಲು ಚಾಚಿದೆ.